ಕಕ್ಕಡ ತಿಂಗಳ ಮಳೆಗೆ ಮುಂಚೆ ಅಟ್ಟದ ಪತ್ತೇದಾರಿಗಳನ್ನು ಇಳಿಸಿ

ಮಾನ್ಯ ಸಂಪಾದಕರೇ,

ಮರೆತುಹೋದ ಪತ್ತೇದಾರಿ ಕಾದಂಬರಿಗಳನ್ನು ಮತ್ತೆ ಅಚ್ಚು ಹಾಕಲು ಹೊರಟ ಸಣ್ಣ ಪ್ರಕಾಶನಕ್ಕೆ ದುಡ್ಡಿಗಿಂತ ಮೊದಲು ಎದುರಾಗುವ ಕೊರತೆ ಪೂರ್ತಿ ಪ್ರತಿಯದು. ಕೈಯಿಂದ ಕೈಗೆ ದಾಟಿದ ಈ ಪುಸ್ತಕಗಳಲ್ಲಿ ಮುಖಪುಟ ಮೊದಲು ಕಿತ್ತುಬರುತ್ತದೆ, ಅದರ ಬೆನ್ನಿಗೇ ಮೊದಲ ಮತ್ತು ಕೊನೆಯ ಹಾಳೆಗಳು. ಕೊನೆಯ ಹಾಳೆ ಹೋದರೆ ಕೊಲೆಗಾರ ಯಾರೆಂದೇ ತಿಳಿಯದು. ಮೊದಲ ಹಾಳೆ ಹೋದರೆ ಬರೆದವರು ಯಾರು, ಯಾವ ವರ್ಷದ್ದು, ಅನುಮತಿ ಯಾರನ್ನು ಕೇಳಬೇಕು ಎಂಬುದೇ ಗೊತ್ತಾಗದು. ಎಷ್ಟೋ ಸಲ ಮೂರು ಹರಕು ಪ್ರತಿ ಕೂಡಿದರೇ ಒಂದು ಕಾದಂಬರಿ. ಆದ್ದರಿಂದ ಕೊಡಗಿನ ಮನೆಗಳ ಅಟ್ಟದಲ್ಲಿರುವ ಕಟ್ಟುಗಳನ್ನು, ಹರಿದಿವೆ ಎಂಬ ಕಾರಣಕ್ಕೆ ಗುಜರಿಗೆ ತೂಗಿ ಹಾಕಬೇಡಿ.

ಅಗ್ಗದ ಮರದ ತಿರುಳಿನ ಕಾಗದ ತನ್ನೊಳಗಿನ ಆಮ್ಲದಿಂದಲೇ ಕಂದಾಗಿ ಪುಡಿಯಾಗುತ್ತದೆ. ನಮ್ಮ ಮಳೆಗಾಲದ ಥಂಡಿ ಅದಕ್ಕೆ ಬೂಷ್ಟು ಸೇರಿಸುತ್ತದೆ. ಆದರೆ ಥಂಡಿ ಹಿಡಿದ ಪುಸ್ತಕವನ್ನು ಕಾಫಿ ಕಣದಲ್ಲಿ ಬಿಸಿಲಿಗೆ ಹರಡುವುದು ಇನ್ನೂ ದೊಡ್ಡ ತಪ್ಪು; ಹಾಳೆ ಸುರುಟಿಕೊಂಡು ಮಡಿಕೆಯಲ್ಲೇ ಮುರಿಯುತ್ತದೆ. ನೆರಳಿನಲ್ಲಿ, ಫ್ಯಾನ್ ಗಾಳಿಯಲ್ಲಿ, ಹತ್ತು ಹದಿನೈದು ಹಾಳೆಗೊಂದು ಅಚ್ಚಿಲ್ಲದ ಬಿಳಿ ಕಾಗದ ಇಟ್ಟು ಒಣಗಿಸಿ. ಆ ಕಾಗದ ತೇವವಾದಂತೆ ಬದಲಿಸಿ. ಬೂಷ್ಟನ್ನು ಪೂರ್ತಿ ಒಣಗಿದ ಮೇಲೆ, ಮನೆಯ ಹೊರಗೆ, ಮೂಗಿಗೆ ಮಾಸ್ಕ್ ಹಾಕಿಕೊಂಡು ಮೆತ್ತನೆಯ ಬ್ರಷ್‌ನಿಂದ ತೆಗೆಯಬೇಕು. ಹುಳ ಕಂಡರೆ, ಒಣಗಿದ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದು ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣಗಿನ ಹಾಳೆಯ ಮೇಲೆ ನೀರು ಕೂರುತ್ತದೆ. ತುಕ್ಕು ಹಿಡಿದ ಸ್ಟೇಪ್ಲರ್ ಪಿನ್ನನ್ನು ಎಳೆಯಬಾರದು. ಕಾಲು ಮಡಚಿರುವ ಕಡೆಯಿಂದ ಅದರ ಎರಡೂ ಕಾಲು ನೆಟ್ಟಗೆ ಮಾಡಿ, ಇನ್ನೊಂದು ಕಡೆಯಿಂದ ಬಿಡಿಸಬೇಕು.

ಮೊಬೈಲಿನಲ್ಲಿ ತೆಗೆದ ಬಾಗಿದ ಪುಟದ ಚಿತ್ರ ಓದಲಿಕ್ಕಾದೀತು, ಮರುಮುದ್ರಣಕ್ಕೆ ಸಾಲದು. ಕನಿಷ್ಠ 300 ಡಿಪಿಐ (ಇಂಚಿಗೆ 300 ಚುಕ್ಕೆ) ಸ್ಕ್ಯಾನ್ ಬೇಕು. ಅಷ್ಟಾದ ಮೇಲೂ ಅಕ್ಷರ ಗುರುತಿಸುವ ತಂತ್ರಾಂಶ ಸವೆದ ಅಚ್ಚುಮೊಳೆಯ ಮುದ್ರಣದಲ್ಲಿ ಎಡವುತ್ತದೆ. ‘ಪತ್ತೆ’ ‘ವತ್ತೆ’ಯಾದರೆ ಕಣ್ಣಿಗೆ ಬೀಳುತ್ತದೆ. ಆದರೆ ಮಹಾಪ್ರಾಣದ ಸಣ್ಣ ಸೀಳು ಮಸಿಯಲ್ಲಿ ಮುಚ್ಚಿಹೋಗಿ ‘ಧನ’ ‘ದನ’ವಾದರೆ ಎರಡೂ ಸರಿಯಾದ ಪದಗಳೇ, ಯಾವ ಕಾಗುಣಿತ ತಪಾಸಣೆಯೂ ಹಿಡಿಯದು. ಮೂಲ ಪ್ರತಿಯನ್ನು ಎದುರಿಗಿಟ್ಟುಕೊಂಡು ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ತಿದ್ದುವ ಹಳೆಯ ಪದ್ಧತಿಯೇ ಇವತ್ತಿಗೂ ಗತಿ.

ಇನ್ನು ಹಕ್ಕಿನ ಮಾತು. ‘ಹಳೆಯದು, ಯಾರು ಕೇಳುತ್ತಾರೆ’ ಎಂಬ ಧೋರಣೆ ತಪ್ಪು. ಲೇಖಕರು ತೀರಿಕೊಂಡ ಮರುವರ್ಷದಿಂದ ಎಣಿಸಿ 60 ವರ್ಷ ಕೃತಿಸ್ವಾಮ್ಯವಿರುತ್ತದೆ. ನಮ್ಮ ಹಳದಿ-ಕೆಂಪು ಬಾವುಟ ರೂಪಿಸಿದ ಮ. ರಾಮಮೂರ್ತಿ 1967ರಲ್ಲಿ ತೀರಿಕೊಂಡರು. ಅವರ ಪತ್ತೇದಾರಿಗಳು 2028ರ ಜನವರಿ 1ಕ್ಕೆ ಎಲ್ಲರ ಸೊತ್ತಾಗುತ್ತವೆ. ಪತ್ತೇದಾರಿ ಕಾದಂಬರಿಕಾರ ಎನ್. ನರಸಿಂಹಯ್ಯನವರು ತೀರಿಕೊಂಡದ್ದು 2011ರಲ್ಲಿ, ಅವರ ಕೃತಿಗಳಿಗೆ 2071ರ ಕೊನೆಯವರೆಗೂ ವಾರಸುದಾರರ ಒಪ್ಪಿಗೆ ಬೇಕೇ ಬೇಕು. ಗುಪ್ತನಾಮದಲ್ಲಿ ಬಂದು, ಬರೆದವರು ಯಾರೆಂದು ಬಯಲಾಗದ ಪುಸ್ತಕಕ್ಕೆ ಮಾತ್ರ ಲೆಕ್ಕ ಬೇರೆ: ಮೊದಲು ಪ್ರಕಟವಾದ ವರ್ಷದ ಮೇಲೆ 60. 1964ರದ್ದಾದರೆ ಅದು 2025ರಿಂದ ಮುಕ್ತ. ಪ್ರಕಟವಾದ ಆ ವರ್ಷ ಯಾವುದೆಂದು ಸಿಗುವುದು ಹರಿದುಹೋದ ಮೊದಲ ಹಾಳೆಯಲ್ಲೇ. ಮುಖಪುಟದ ಚಿತ್ರಕ್ಕೆ ಚಿತ್ರಕಾರರ ಹಕ್ಕು ಬೇರೆಯೇ ಇರಬಹುದು, ಅದನ್ನೂ ವಿಚಾರಿಸಬೇಕು.

ಪುಸ್ತಕ ಕೈಬಿಡಲು ಮನಸ್ಸಿಲ್ಲದವರು ಬಿಡಬೇಕಾಗಿಲ್ಲ. ಹೆಸರು, ಅಚ್ಚಿನ ವಿವರವಿರುವ ಪುಟ, ಯಾವ ಪುಟದಿಂದ ಯಾವ ಪುಟದವರೆಗೆ ಉಳಿದಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಹತ್ತಿರದ ಗ್ರಂಥಾಲಯಕ್ಕೆ ಕೊಡಿ. ಕೊನೆಯ ಎಂಟು ಪುಟವಷ್ಟೇ ಇದ್ದರೂ ಬರೆಯಿರಿ.

– ಪತ್ತೇದಾರಿ ಮರುಮುದ್ರಣದ ಕೆಲಸದಲ್ಲಿರುವವರು, ಮಡಿಕೇರಿ