ತೆಗೆದ ಕಣ್ಣಿನ ಜಾಗದಲ್ಲಿ ಏನಿಟ್ಟಿದ್ದೀರೆಂದು ಬರೆದುಕೊಡಿ

ಮಾನ್ಯ ಸಂಪಾದಕರೇ,

ಭತ್ತದ ಗರಿ ತಾಗಿ ಆದ ಗಾಯಕ್ಕೆ ಶಿಲೀಂಧ್ರದ ಸೋಂಕು ತಗುಲಿ, ಮೂರು ವರ್ಷಗಳ ಹಿಂದೆ ನಮ್ಮ ತಂದೆಯವರ ಬಲಗಣ್ಣನ್ನು ತೆಗೆಯಬೇಕಾಯಿತು. ಒಂದೂವರೆ ತಿಂಗಳ ಮೇಲೆ ಕೃತಕ ಕಣ್ಣು ಕೊಟ್ಟರು. ಅದನ್ನು ತೊಳೆದು ಹಾಕಿಕೊಳ್ಳುವುದನ್ನು ಅವರು ಬೇಗ ಕಲಿತರು. ಅದರ ಹಿಂದೆ, ಮಾಂಸದೊಳಗೆ, ‘ಇಂಪ್ಲಾಂಟ್’ ಎನ್ನುವ ಗೋಲಿಯಂಥ ಗುಂಡೊಂದು ಕೂತಿದೆ ಎಂಬುದು ಮಾತ್ರ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕಣ್ಣುಗುಡ್ಡೆ ಹೋದಾಗ ಖಾಲಿಯಾಗುವ ಸುಮಾರು 6–7 ಮಿಲಿಲೀಟರ್ ಜಾಗವನ್ನು ತುಂಬಲು, ದೊಡ್ಡವರಿಗೆ ಸಾಮಾನ್ಯವಾಗಿ 18ರಿಂದ 22 ಮಿ.ಮೀ. ಅಡ್ಡಳತೆಯ ಗುಂಡನ್ನಿಟ್ಟು ಮೇಲಿನ ಪದರಗಳನ್ನು ಹೊಲಿಯುತ್ತಾರೆ. ಅಕ್ರಿಲಿಕ್ ಅಥವಾ ಸಿಲಿಕೋನಿನ ನುಣುಪು ಗುಂಡು ಅಗ್ಗ, ಆದರೆ ಜರುಗಬಹುದು. ಸಣ್ಣ ರಂಧ್ರಗಳುಳ್ಳ ಪಾಲಿಎಥಿಲೀನ್ (ಒಂದು ಬಗೆಯ ಪ್ಲಾಸ್ಟಿಕ್), ಹೈಡ್ರಾಕ್ಸಿಅಪಟೈಟ್ (ಮೂಳೆಯಲ್ಲಿರುವಂಥ ಖನಿಜ) ಗುಂಡುಗಳೊಳಕ್ಕೆ ರಕ್ತನಾಳಗಳು ಬೆಳೆದು ಅವು ಭದ್ರವಾಗಿ ಕೂರುತ್ತವಾದರೂ, ಮೇಲಿನ ಪದರ ಸವೆದು ಬಿರಿದು ಆ ರಂಧ್ರಗಳಿಗೆ ಸೋಂಕು ಇಳಿದರೆ ಔಷಧಿಗೆ ಬಗ್ಗುವುದು ಕಷ್ಟ. ಎಷ್ಟೋ ಸಲ ಗುಂಡನ್ನೇ ತೆಗೆಯಬೇಕಾಗುತ್ತದೆ.

ಕಳೆದ ವರ್ಷ ತಂದೆಯವರ ರೆಪ್ಪೆಗಳು ಬೆಳಿಗ್ಗೆ ಗೀಜಿನಿಂದ ಅಂಟಿಕೊಂಡಿರುತ್ತಿದ್ದವು. ಕೃತಕ ಕಣ್ಣಿದ್ದವರಿಗೆ ಇದು ಇದ್ದದ್ದೇ ಎಂದು ನಾಲ್ಕು ತಿಂಗಳು ಬರೀ ಡ್ರಾಪ್ಸ್ ಬರೆದುಕೊಟ್ಟರು. ಆ ಕಣ್ಣನ್ನು ತೆಗೆಸಿ ಒಳಗೆ ನೋಡಿದವರಿಲ್ಲ. ಕೊನೆಗೆ ಬೇರೊಬ್ಬ ವೈದ್ಯರು ಟಾರ್ಚ್ ಹಿಡಿದಾಗ, ಕೆಂಪು ಮಾಂಸದ ನಡುವೆ ಜೋಳದ ಕಾಳಿನಷ್ಟು ಬಿಳಿ ಗುಂಡು ಇಣುಕುತ್ತಿತ್ತು. ಯಾವ ಬಗೆಯದೆಂದು ಅವರು ಕೇಳಿದರು. ನಮ್ಮ ಡಿಸ್ಚಾರ್ಜ್ ಚೀಟಿಯಲ್ಲಿ ‘ಇಂಪ್ಲಾಂಟ್ ಇಡಲಾಗಿದೆ’ ಎಂಬುದರ ಹೊರತು ಬೇರೇನೂ ಇರಲಿಲ್ಲ, ಅದೂ ಇಂಗ್ಲಿಷಿನಲ್ಲಿ. ಸೋಂಕು ಆಳಕ್ಕೆ ಇಳಿದಿರಲಿಲ್ಲವಾದ್ದರಿಂದ ಕೆಳದುಟಿಯ ಒಳಪದರವನ್ನು ತೆಗೆದು ಬಿರುಕಿಗೆ ಹೊಲಿದರು. (ವಾರವಿಡೀ ಅವರಿಗೆ ಗಂಜಿಯೇ ಊಟ.)

ಒಳ್ಳೆಯ ಶಸ್ತ್ರಚಿಕಿತ್ಸೆಯ ನಂತರವೂ ಗುಂಡು ಹೀಗೆ ಹೊರಗೆ ಕಾಣುವುದುಂಟು, ಅದಕ್ಕಾಗಿ ನಾನು ಯಾರನ್ನೂ ದೂರುತ್ತಿಲ್ಲ. ಪೊರೆ ಆಪರೇಷನ್ ಆದವರಿಗೆ ಲೆನ್ಸಿನ ಸ್ಟಿಕ್ಕರನ್ನು ಚೀಟಿಗೆ ಅಂಟಿಸಿ ಕೊಡುವಂತೆ, ಕಣ್ಣು ತೆಗೆಸಿಕೊಂಡವರಿಗೂ ಗುಂಡಿನ ಬಗೆ, ಅಳತೆ, ಇಟ್ಟ ದಿನಾಂಕವನ್ನು ಬರೆದುಕೊಡುವುದಕ್ಕೆ ಖರ್ಚೇನೂ ಇಲ್ಲ. ಗೀಜು ಹೆಚ್ಚಿದರೆ, ರಕ್ತ ಒಸರಿದರೆ, ಕೃತಕ ಕಣ್ಣು ಮೊದಲಿನಂತೆ ಕೂರದಿದ್ದರೆ ತಡಮಾಡದೆ ಬನ್ನಿ ಎಂಬ ಎರಡು ಸಾಲು ಅದರ ಕೆಳಗೆ ಕನ್ನಡದಲ್ಲಿರಲಿ. ಆರೋಗ್ಯ ಇಲಾಖೆ ಈ ಬಗ್ಗೆ ಎಲ್ಲ ಆಸ್ಪತ್ರೆಗಳಿಗೂ ಸುತ್ತೋಲೆ ಕಳುಹಿಸಬೇಕೆಂದು ವಿನಂತಿ.

– ಒಬ್ಬ ರೈತನ ಮಗ, ಗಂಗಾವತಿ