ಗೆಳೆಯನಿಗೊಂದು ಪತ್ರ: ಮಳೆಗಾಲದಲ್ಲಿ ಕಾರವಾರದ ಭಾನುವಾರದ ಸಂತೆ

ಪ್ರಿಯ ಗೆಳೆಯಾ,

ಜುಲೈ ಎರಡನೇ ವಾರ ಕಾರವಾರಕ್ಕೆ ಬರ್ತೀನಿ, ಭಾನುವಾರದ ಸಂತೆ ನೋಡಬೇಕು ಅಂತ ಬರೆದಿದ್ದೀಯ. ಜೊತೆಗೆ ಕೊಳ್ಳುವ ಪಟ್ಟಿಯನ್ನೂ ಕಳಿಸಿದ್ದೀಯ. ಮೊದಲ ಹೆಸರೇ ಅಂಕೋಲೆಯ ಕರಿ ಇಶಾಡ್ ಮಾವು. ಅದು ಮೇ ತಿಂಗಳ ಹಣ್ಣು ಮಾರಾಯ. 2023ರಲ್ಲಿ ಭೌಗೋಳಿಕ ಸೂಚಕ (ಜಿಐ ಟ್ಯಾಗ್) ಸಿಕ್ಕಿದ ಮೇಲೆ ಹೆಸರು ದೂರದವರೆಗೂ ಹೋಗಿದೆ, ಆದರೆ ಅದರ ಸಿಪ್ಪೆ ತೀರಾ ತೆಳು, ಇಟ್ಟರೆ ತಾಳುವುದಿಲ್ಲ. ಮಳೆ ಬಿದ್ದ ಮೇಲೆ ಉಳಿದ ಹಣ್ಣಿಗೆ ನೊಣ ಮೊಟ್ಟೆ ಇಟ್ಟು ಒಳಗೆಲ್ಲ ಹುಳ. ಎರಡನೆಯದು ಕುಮಟೆಯ ಸಿಹಿ ಈರುಳ್ಳಿ. ಅದನ್ನು ಬೇಸಿಗೆಯಲ್ಲಿ ಹೆದ್ದಾರಿ ಬದಿ ಜಡೆ ಹೆಣೆದು ತೂಗುಹಾಕಿರುತ್ತಾರೆ. ನೀರಿನಂಶ ಜಾಸ್ತಿಯಿರುವುದರಿಂದ ಜುಲೈ ಹೊತ್ತಿಗೆ ಕುತ್ತಿಗೆ ಮೆತ್ತಗಾಗಿ ಕೊಳೆಯತೊಡಗುತ್ತದೆ. ಮೂರನೆಯದು ತಾಜಾ ಬಂಗಡೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವ ಹಾಗಿಲ್ಲ. ನಾಡದೋಣಿಯವರು ತರುವ ಅಷ್ಟಿಷ್ಟು ಮೀನಿಗೆ ಬೆಲೆ ಕೇಳಿಯೇ ಹೊಟ್ಟೆ ತುಂಬುತ್ತದೆ.

ಆ ಪಟ್ಟಿ ಹರಿದು ಬಿಸಾಕು. ಈ ಸಂತೆಯಲ್ಲಿ ಏನು ಕೊಳ್ಳಬೇಕೆಂದು ತೀರ್ಮಾನಿಸುವುದು ತಿಂಗಳು, ನಾವಲ್ಲ. ಹಾಗೆ ನೋಡಿದರೆ ಜುಲೈ ಬಡವಾದ ತಿಂಗಳೇನೂ ಅಲ್ಲ. ಬೇರೆ ಯಾವಾಗಲೂ ಸಿಗದ ನಾಲ್ಕಾರು ಪದಾರ್ಥ ಸಿಗುವುದು ಈಗಲೇ.

ಬೆಳಿಗ್ಗೆ ಏಳೂವರೆ ಒಳಗೆ ಪೇಟೆಯಲ್ಲಿರು. ರೈಲಿನಲ್ಲಿ ಬರುವುದಾದರೆ ನಿಲ್ದಾಣ ಶಿರವಾಡದಲ್ಲಿ, ಅಲ್ಲಿಂದ ರಿಕ್ಷಾ ಹಿಡಿ. ಮೊದಲೊಂದು ಸುತ್ತು ಏನೂ ಕೊಳ್ಳದೆ ನಡೆ. ಎರಡು ಥರದ ಮಾರಾಟಗಾರರು ಕಾಣುತ್ತಾರೆ. ಘಟ್ಟದ ಮೇಲಿನಿಂದ ಮೂಟೆಗಟ್ಟಲೆ ಟೊಮೆಟೊ, ಬಟಾಟೆ, ಬೀನ್ಸ್, ಹಸಿಮೆಣಸು ಇಳಿಸಿ ತಕ್ಕಡಿ ಇಟ್ಟವರು ಒಂದು ಕಡೆ. ಅವರಿಲ್ಲದೆ ಕರಾವಳಿಯ ಮಳೆಗಾಲ ಸಾಗುವುದಿಲ್ಲ, ಆದರೆ ಆ ಮಾಲು ನಿನ್ನೂರಲ್ಲೂ ಸಿಗುತ್ತದೆ. ಇನ್ನೊಂದು ಕಡೆ ಗೋಣಿತಾಟಿನ ಮೇಲೆ ನಾಲ್ಕು ಮೊಗೆಕಾಯಿ (ಮಂಗಳೂರು ಸೌತೆ), ಆರು ಕಟ್ಟು ಬಸಳೆ, ಒಂದು ಚಿಪ್ಪು ಬಾಳೆ, ಒಂದಿಷ್ಟು ಕೆಸುವಿನೆಲೆ ಇಟ್ಟುಕೊಂಡು ಕೂತ ಹೆಂಗಸರು. ಈ ಕಡೆಯ ಹಾಲಕ್ಕಿ ಒಕ್ಕಲಿಗ ಸಮುದಾಯದವರು ಇವರಲ್ಲಿ ಬಹಳ. ಒಂದೇ ಹಿತ್ತಿಲಲ್ಲಿ ಬೆಳೆಯುವ ಹತ್ತು ಬಗೆ ಸ್ವಲ್ಪ ಸ್ವಲ್ಪ ಇದ್ದರೆ, ಕಟ್ಟಿಗೆ ರಬ್ಬರ್ ಬ್ಯಾಂಡಿನ ಬದಲು ಬಾಳೆನಾರು ಇದ್ದರೆ, ಬೆಳೆದವರೇ ತಂದದ್ದು ಅಂತ ತಿಳಿ. ಇವರ ಮಾಲು ಬೇಗ ಮುಗಿಯುತ್ತದೆ. ಮೊದಲು ಇಲ್ಲಿ ಕೊಳ್ಳು, ತಕ್ಕಡಿಯವರ ಹತ್ತಿರ ಕೊನೆಗೆ ಹೋಗು.

ಇದರಿಂದ ಒಂದು ಫಜೀತಿಯಿದೆ: ಮೆದುವಾದದ್ದು ಮೊದಲು ಚೀಲಕ್ಕೆ ಬೀಳುತ್ತದೆ, ಭಾರದ್ದು ಆಮೇಲೆ ಅದರ ಮೇಲೆ ಕೂರುತ್ತದೆ. ಅದಕ್ಕೇ ಎರಡು ಚೀಲ ಬೇಕು. ಸೊಪ್ಪಿಗೊಂದು ಬಟ್ಟೆಚೀಲ, ಕಾಯಿಗೊಂದು ಗಟ್ಟಿ ತಳದ್ದು. ಪ್ಲಾಸ್ಟಿಕ್ ಚೀಲದಲ್ಲಿ ಸೊಪ್ಪು ಬೆವರಿ ಮಧ್ಯಾಹ್ನಕ್ಕೇ ಲೋಳೆಯಾಗುತ್ತದೆ. ಹತ್ತು, ಇಪ್ಪತ್ತು, ಐವತ್ತರ ನೋಟು ಇಟ್ಟುಕೋ. ಫೋನಿನಲ್ಲಿ ದುಡ್ಡು ಹಾಕುವುದು ತಕ್ಕಡಿಯವರ ಹತ್ತಿರ ನಡೆಯುತ್ತದೆ, ಮುದುಕಿಯರ ಹತ್ತಿರ ನಂಬಿಕೊಳ್ಳಬೇಡ. ಆರು ಕಟ್ಟು ಸೊಪ್ಪಿಗಾಗಿ ನಸುಕಿಗೇ ಎದ್ದು ಬಂದವಳ ಜೊತೆ ಚೌಕಾಸಿ ಮಾಡುವುದು ನನಗಂತೂ ಸರಿ ಕಾಣುವುದಿಲ್ಲ. "ಅಮಾ, ಎರಡು ಕಟ್ಟು ಕೊಡು" ಅಂದರೆ ಕೊಸರು ತಾನಾಗಿ ಬರುತ್ತದೆ.

ಈಗ ಮುಖ್ಯ ಪದಾರ್ಥಕ್ಕೆ ಬರೋಣ. ಕಳಲೆ. ಅಂದರೆ ಬಿದಿರಿನ ಎಳೆ ಮೊಳಕೆ. ಇಡೀ ಮೊಳಕೆಯೂ ಸಿಗುತ್ತದೆ, ಹೆಚ್ಚಿ ನೀರಿನಲ್ಲಿ ನೆನೆಹಾಕಿದ ಹೋಳೂ ಸಿಗುತ್ತದೆ. ಬೆಂಗಳೂರಿಗೆ ಒಯ್ಯುವುದಾದರೆ ಇಡೀದೇ ಸರಿ, ಆದರೆ ತೂಕದ ಅರ್ಧಕ್ಕಿಂತ ಹೆಚ್ಚು ಸಿಪ್ಪೆಗೆ ಹೋಗುತ್ತದೆ ಅಂತ ಲೆಕ್ಕ ಹಾಕಿ ಕೊಳ್ಳು. ಬುಡದ ಕಡೆ ಉಗುರು ಊರಿ ನೋಡು. ಉಗುರು ಇಳಿಯದಿದ್ದರೆ ಅದು ಆಗಲೇ ಬಿದಿರಾಗಿದೆ. ಕತ್ತರಿಸಿದ ಮೇಲೂ ಬುಡದಿಂದ ನಾರು ಬಲಿಯುತ್ತಾ ಹೋಗುವುದರಿಂದ ಮನೆಗೆ ತಂದ ದಿನವೇ ಸುಲಿಯಬೇಕು. ಸಿಪ್ಪೆಯ ಸುಂಕು ಕೈಗೆ ಚುಚ್ಚುತ್ತದೆ, ಕೊಬ್ಬರಿ ಎಣ್ಣೆ ಸವರಿಕೋ. ತೆಳುವಾಗಿ ಚಕ್ರದಂತೆ ಹೆಚ್ಚಿ, ಮುಳುಗುವಷ್ಟು ನೀರಿನಲ್ಲಿ ಮೂರು ದಿನ ಇಡು, ದಿನಕ್ಕೊಮ್ಮೆಯಾದರೂ ನೀರು ಬದಲಿಸು. ಆಮೇಲೆ ಹೊಸ ನೀರಿನಲ್ಲಿ ಇಪ್ಪತ್ತು ನಿಮಿಷ, ಪಾತ್ರೆಗೆ ಮುಚ್ಚಳ ಹಾಕದೆ ಕುದಿಸಿ ಆ ನೀರನ್ನೂ ಚೆಲ್ಲು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ನೆನೆಸುವುದು, ಕುದಿಸುವುದು ಎರಡೂ ಅದನ್ನು ಕಳೆಯುವುದಕ್ಕೆ, ಮುಚ್ಚಳ ತೆಗೆಯುವುದು ಅದು ಹಬೆಯೊಂದಿಗೆ ಹೋಗಲಿ ಅಂತ. ವಾಸನೆ ಹಿಡಿಸಲಿಲ್ಲವೆಂದು ಒಂದೇ ದಿನ ನೆನೆಸಿ ಅವಸರ ಮಾಡುವವರಿದ್ದಾರೆ, ಕಹಿ ಉಳಿಯುತ್ತದೆ. ಹೆಚ್ಚಿದ್ದನ್ನೇ ಕೊಂಡರೆ ಎಷ್ಟು ದಿನ ನೆನೆದದ್ದು ಅಂತ ಕೇಳಿಕೊಂಡು ಉಳಿದ ದಿನ ನೀನು ನೆನೆಸು.

ಕೆಸುವಿನೆಲೆಯಲ್ಲಿ ದಂಟು ಕಪ್ಪಾಗಿರುವ ಕರಿಕೆಸು ಅಥವಾ ಮರದ ಪೊಟರೆಯಲ್ಲಿ ಬೆಳೆಯುವ ಮರಗೆಸು ಆರಿಸು. ಮರಗೆಸು ಸಿಗುವುದು ಮಳೆಗಾಲದಲ್ಲಿ ಮಾತ್ರ, ತುರಿಕೆಯೂ ಕಡಿಮೆ, ಪತ್ರೊಡೆಗೆ ಅದೇ ಮೇಲು. ಹದಿನೈದು ಸಾಧಾರಣ ಎಲೆಗೆ ಎರಡು ಲೋಟ ಅಕ್ಕಿ ನಾಲ್ಕು ತಾಸು ನೆನೆಸಿ, ಎಂಟು ಹತ್ತು ಒಣಮೆಣಸು, ಒಂದು ಲೋಟ ಕಾಯಿತುರಿ, ಎರಡು ಚಮಚ ಕೊತ್ತಂಬರಿ, ದೊಡ್ಡ ನಿಂಬೆಗಾತ್ರದ ಹುಣಸೆ, ಅಷ್ಟೇ ಬೆಲ್ಲ, ಉಪ್ಪು ಹಾಕಿ ಗಟ್ಟಿಯಾಗಿ ರುಬ್ಬು. ಹಿಟ್ಟು ತೆಳುವಾದರೆ ಎಲೆಯಿಂದ ಜಾರುತ್ತದೆ. ಎಲೆಯ ಹಿಂಬದಿಗೆ ಹಚ್ಚಿ, ಒಂದರ ಮೇಲೊಂದಿಟ್ಟು ಸುರುಳಿ ಸುತ್ತಿ, ಹಬೆಯಲ್ಲಿ ನಲವತ್ತು ನಿಮಿಷ. ಗಂಟಲು ತುರಿಸಿತು ಅಂದರೆ ಹುಳಿ ಕಡಿಮೆಯಾಗಿದೆ, ಇಲ್ಲವೆ ಸರಿಯಾಗಿ ಬೆಂದಿಲ್ಲ. ಕೆಸುವನ್ನು ಬಯ್ಯಬೇಡ.

ಮಾಡಹಾಗಲ ಹಸಿರಾಗಿರಲಿ, ಹಳದಿ ತಿರುಗಿದ್ದರ ಬೀಜ ಕಲ್ಲು. ಚಗಟೆ ಸೊಪ್ಪು ಹೂ ಬಿಡುವ ಮೊದಲಿನ ಎಳೆಯದ್ದು. ಹುತ್ತದ ಅಣಬೆ ಕಂಡರೆ ನಿನ್ನ ಅದೃಷ್ಟ. ಬುಡದಲ್ಲಿ ಬೇರಿನ ಹಾಗೆ ಉದ್ದ ಬಾಲವಿರುತ್ತದೆ, ಕೊಡೆ ಬಿಚ್ಚದ ಮೊಗ್ಗೇ ರುಚಿ. ಎಲೆಯಲ್ಲಿ ಸುತ್ತಿಕೊಟ್ಟದ್ದನ್ನು ಹಾಗೇ ಇಟ್ಟುಕೋ, ಅಂದೇ ಮಧ್ಯಾಹ್ನ ಬೇಯಿಸು. ಗುರುತಿಲ್ಲದ ಬೇರೆ ಅಣಬೆಗೆ ಎಷ್ಟೇ ಅಗ್ಗವಾದರೂ ಕೈ ಹಾಕಬೇಡ.

ಮುರುಗಲಿನ (ಕೋಕಂ) ಒಣಸಿಪ್ಪೆ ಬೇಸಿಗೆಯಲ್ಲಿ ಒಣಗಿಸಿಟ್ಟದ್ದು. ಇಲ್ಲಿ ಮೋಸ ಹೋಗುವುದು ಎರಡು ರೀತಿ. ಒಂದು, ತೇವ ಮತ್ತು ಉಪ್ಪಿನ ತೂಕಕ್ಕೆ ದುಡ್ಡು ಕೊಡುವುದು. ಸಿಪ್ಪೆ ಮೆತ್ತಗಿದ್ದರೆ ಸರಿ, ಕೈಗೆ ರಸ ಹತ್ತುವಷ್ಟು ಒದ್ದೆಯಿದ್ದರೆ ಬೇಡ. ಬಿಳಿ ಹರಳು ಉಪ್ಪು, ಬೂದು ಬಣ್ಣದ ನವಿರು ಬೂಸ್ಟು. ಇನ್ನೊಂದು, ಮುರುಗಲೆಂದು ಉಪ್ಪಾಗೆ ತರುವುದು. ಎರಡೂ ಒಂದೇ ಕುಟುಂಬದವು, ಒಣಗಿದಾಗ ಎರಡೂ ಕಪ್ಪು. ಒಂದು ಸಿಪ್ಪೆಯನ್ನು ಬಿಸಿನೀರಿಗೆ ಹಾಕು: ಸ್ವಲ್ಪ ಹೊತ್ತಿನಲ್ಲಿ ಕೆಂಪು ಬಿಟ್ಟರೆ ಮುರುಗಲು, ಕಂದು ಬಿಟ್ಟರೆ ಉಪ್ಪಾಗೆ. ಉಪ್ಪಾಗೆ ಮೀನುಸಾರಿಗೆ ಚೆನ್ನ, ಶರಬತ್ತಿಗೆ ಆಗುವುದಿಲ್ಲ.

ತಾಜಾ ಮೀನಿನ ಆಸೆಗೆ ಒಣಮೀನಿದೆ. ಸೀಗಡಿ ಬೆರಳಲ್ಲಿ ಒತ್ತಿದರೆ ಕರಕರ ಮುರಿಯಬೇಕು. ಬಂಗಡೆಯ ಮೇಲೆ ಗುಲಾಬಿ ಕಲೆಯಿದ್ದರೆ, ಮೂಗಿಗೆ ಘಾಟು ಹೊಡೆದರೆ ಬಿಟ್ಟುಬಿಡು. ಈ ಹವೆಯಲ್ಲಿ ಉಪ್ಪು ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ, ಬೆಳಿಗ್ಗೆ ಒಣಗಿದ್ದದ್ದು ಸಂಜೆಗೆ ಮೆತ್ತಗೆ. ಊರಿಗೆ ಹೋಗಿ ಬಿಸಿಲಿಗೆ ಹಾಕಿ, ಸೀಗಡಿಯನ್ನಾದರೆ ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಆರಿದ ಮೇಲೆ ಡಬ್ಬಿಗೆ ತುಂಬು. ರೈಲಿನಲ್ಲಿ ಕಾಗದ ಎರಡು ಸುತ್ತು, ಅದರ ಮೇಲೆ ಬಿಗಿ ಡಬ್ಬಿ. ಪಕ್ಕದ ಬರ್ತಿನವರ ಶಾಪ ಬೇಡ.

ಮೊಗೆಕಾಯಿ ಎಷ್ಟು ಬೇಕಾದರೂ ಒಯ್ಯಬಹುದು. ತೊಟ್ಟು ಇರಬೇಕು, ಎಲ್ಲೂ ಜಜ್ಜಿರಬಾರದು. ನೆಲಕ್ಕೆ ತಾಗದಂತೆ ಹಗ್ಗದಲ್ಲಿ ತೂಗುಹಾಕಿದರೆ ತಿಂಗಳುಗಟ್ಟಲೆ ಇರುತ್ತದೆ, ಒಂದರ ಮೇಲೊಂದು ಪೇರಿಸಿದರೆ ತಾಗಿದ ಜಾಗದಿಂದ ಕೊಳೆಯುತ್ತದೆ. ಕೆಸುವಿನೆಲೆಯನ್ನು ನೀರು ಒರೆಸಿ ಕಾಗದದಲ್ಲಿ ಸುತ್ತು. ಬಸಳೆಯ ದಂಟು ಬಾಗಿಸಿದರೆ ಟಪ್ಪೆಂದು ಮುರಿಯಬೇಕು, ಎಲೆಯಲ್ಲಿ ಕೆಂಪು ಅಂಚಿನ ಚುಕ್ಕೆ ತುಂಬಾ ಇದ್ದರೆ ಬೇರೆ ಕಟ್ಟು ನೋಡು. ಎಲೆ ಬಿಡಿಸಿದ ಮೇಲೆ ಬಲಿತ ದಂಟು ಎಸೆಯಬೇಡ, ನಾಲ್ಕು ಗಿಣ್ಣಿರುವ ತುಂಡು ಮಾಡಿ ಎರಡು ಗಿಣ್ಣು ಮಣ್ಣಿನೊಳಗೆ ಹೋಗುವಂತೆ ಕುಂಡದಲ್ಲಿ ಊರು. ನೀರು ನಿಲ್ಲದ ಹಾಗೆ ನೋಡಿಕೊಂಡರೆ ಚಿಗುರುತ್ತದೆ, ಹಬ್ಬಲು ಒಂದು ಹಗ್ಗ ಕಟ್ಟು.

ಕೊಡೆ ತರಬೇಡ, ಆ ಜನಸಂದಣಿಯಲ್ಲಿ ಎರಡು ಚೀಲ ಹಿಡಿದು ಕೊಡೆ ಬಿಚ್ಚಲಾಗುವುದಿಲ್ಲ. ರೇನ್‌ಕೋಟು ಹಾಕಿಕೊಂಡು ಬಾ.

ನಿನ್ನ ಗೆಳೆಯ