ಎನ್‌ಪಿಎಸ್: ಸಂಬಳದಲ್ಲಿ ಕಟ್ ಆದ ದಿನ ಒಂದು, ಖಾತೆಗೆ ಜಮೆ ಆದ ದಿನ ಇನ್ನೊಂದು

ಮಾನ್ಯ ಸಂಪಾದಕರೇ,

ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ. 2008ರಲ್ಲಿ ಕೆಲಸಕ್ಕೆ ಸೇರಿದವಳು. ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆಲ್ಲ ಎನ್‌ಪಿಎಸ್ (ಸಂಬಳದಿಂದ ಕಟ್ ಮಾಡಿ ಹೂಡಿಕೆ ಮಾಡುವ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಅನ್ನೋದು ಓದುಗರಿಗೆ ಗೊತ್ತೇ ಇದೆ. ಸ್ಟಾಫ್ ರೂಮಿನಲ್ಲಿ ನನ್ನ ಎದುರಿಗೆ ಕೂರುವ ಕನ್ನಡ ಮೇಷ್ಟ್ರು 2005ರವರು. ಅವರಿಗೆ ಕೊನೆ ಸಂಬಳದ ಅರ್ಧದಷ್ಟು ಪಿಂಚಣಿ, ಅದರ ಮೇಲೆ ತುಟ್ಟಿಭತ್ಯೆ. ನನಗೆ ಷೇರು, ಬಾಂಡು, ಎನ್‌ಎವಿ (ನಿಧಿಯ ಒಂದು ಯೂನಿಟ್ಟಿನ, ಅಂದರೆ ಪಾಲಿನ, ಆ ದಿನದ ಬೆಲೆ). ಇಬ್ಬರೂ ಪಾಠ ಮಾಡೋದು ಅದೇ ಮಕ್ಕಳಿಗೆ.

ಹಳೇ ಪಿಂಚಣಿ ಬೇಕೋ ಬೇಡವೋ ಅನ್ನೋ ಚರ್ಚೆ ಪತ್ರಿಕೆಗಳಲ್ಲಿ ಸಾಕಷ್ಟು ಆಗಿದೆ. 2023ರ ಮಾರ್ಚ್ 1ರ ಮುಷ್ಕರದಲ್ಲಿ ನಾನೂ ಇದ್ದೆ. 2024ರ ಜನವರಿಯಲ್ಲಿ ಸುಮಾರು 13 ಸಾವಿರ ಮಂದಿಗೆ ಹಳೇ ಪಿಂಚಣಿ ಸಿಕ್ಕಿತು. ಅವರ ನೇಮಕಾತಿ ಅಧಿಸೂಚನೆ 2006ರ ಏಪ್ರಿಲ್‌ಗೆ ಮೊದಲೇ ಆಗಿತ್ತು, ಕೆಲಸಕ್ಕೆ ಸೇರಿದ್ದು ಆಮೇಲೆ. ಅವರಿಗೆ ಸಿಕ್ಕಿದ್ದು ಸಂತೋಷವೇ. ಉಳಿದವರು ಕಾಯುತ್ತಿದ್ದೇವೆ. ಈ ಪತ್ರ ಆ ಬೇಡಿಕೆಯ ಬಗ್ಗೆ ಅಲ್ಲ. ಇಷ್ಟು ವರ್ಷ ಕಟ್ ಆಗಿರುವ ದುಡ್ಡು ಈಗ ಎಲ್ಲಿದೆ, ಯಾರ ಕೈಯಲ್ಲಿದೆ, ಅದು ಹೇಗೆ ಹೋಗಿ ಸೇರುತ್ತದೆ ಅನ್ನೋದರ ಬಗ್ಗೆ. ಹಳೇ ಪಿಂಚಣಿ ನಾಳೆಯೇ ಬಂದರೂ ಆ ದುಡ್ಡಿನ ಪ್ರಶ್ನೆ ಹೋಗಲ್ಲ. ರಾಜಸ್ಥಾನ ಹಳೇ ಪಿಂಚಣಿಗೆ ಮರಳಿ, ಜಮೆ ಆದ ಹಣ ವಾಪಸ್ ಕೊಡಿ ಅಂತ ಕೇಳಿದಾಗ, ಕಾನೂನಿನಲ್ಲಿ ಅದಕ್ಕೆ ಅವಕಾಶ ಇಲ್ಲ ಅಂತಲೇ ಪಿಂಚಣಿ ನಿಧಿಗಳ ನಿಯಂತ್ರಕ ಸಂಸ್ಥೆ ಪಿಎಫ್‌ಆರ್‌ಡಿಎ ಹೇಳಿತು.

ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿಸಿದ ಮೊತ್ತದ ಶೇ 10 ನಮ್ಮದು, ಶೇ 14 ಸರ್ಕಾರದ್ದು. ಎರಡೂ ಸೇರಿ 50 ಸಾವಿರಕ್ಕೆ ತಿಂಗಳಿಗೆ 12 ಸಾವಿರ ರೂಪಾಯಿ. ಇದು ಸಣ್ಣ ದುಡ್ಡಲ್ಲ. ಆದರೆ ನಮ್ಮಲ್ಲಿ ಬಹಳಷ್ಟು ಜನ ಎಚ್‌ಆರ್‌ಎಂಎಸ್ (ಸರ್ಕಾರದ ಸಂಬಳ ತಂತ್ರಾಂಶ) ಸಂಬಳ ಚೀಟಿಯಲ್ಲಿ ಕಡಿತದ ಸಾಲು ನೋಡಿ ಸುಮ್ಮನಾಗುತ್ತಾರೆ. ಪ್ರಾನ್ ಖಾತೆಗೆ, ಅಂದರೆ ತಮ್ಮ ಹೆಸರಿನ ಎನ್‌ಪಿಎಸ್ ಖಾತೆಗೆ, ಲಾಗಿನ್ ಆಗಿ ನೋಡಿದವರು ನಮ್ಮ ಶಾಲೆಯಲ್ಲಿ ನಾನು ಮತ್ತು ದೈಹಿಕ ಶಿಕ್ಷಕರು, ಇಬ್ಬರೇ. ಅವರು ನೋಡಿದ್ದೂ ಮನೆ ಕಟ್ಟಲು ಭಾಗಶಃ ಹಣ ತೆಗೆಯಬೇಕಾಗಿ ಬಂದಾಗ.

ಲಾಗಿನ್ ಆಗಿ ನೋಡಿದರೆ ಏನು ಕಾಣುತ್ತದೆ? ಸಾಲು ಸಾಲು ತಾರೀಖು, ಮೊತ್ತ, ಯೂನಿಟ್ಟು, ಆ ದಿನದ ಎನ್‌ಎವಿ. ಒಂದೊಂದು ಕಂತೂ ಮೂರು ಭಾಗವಾಗಿ ಎಸ್‌ಬಿಐ, ಯುಟಿಐ, ಎಲ್‌ಐಸಿಗಳ ಪಿಂಚಣಿ ನಿಧಿ ಕಂಪನಿಗಳಿಗೆ ಹೋಗಿರುತ್ತದೆ. ನನ್ನ ಕಣ್ಣು ನಿಂತದ್ದು ತಾರೀಖಿನ ಕಾಲಂ ಮೇಲೆ. ಒಂದು ತಾಲ್ಲೂಕಿನಿಂದ ಇನ್ನೊಂದಕ್ಕೆ ನನಗೆ ವರ್ಗಾವಣೆ ಆದ ವರ್ಷ, ಮೂರು ತಿಂಗಳ ಕಂತು ಒಂದೇ ದಿನ ಜಮೆ ಆಗಿದೆ. ಸಂಬಳ ಬಂದಿತ್ತು. ಕಡಿತವೂ ಪ್ರತಿ ತಿಂಗಳು ಆಗಿತ್ತು. ದುಡ್ಡು ಮಾತ್ರ ಮಧ್ಯದಲ್ಲಿ ಎಲ್ಲೋ ಕೂತಿತ್ತು. ವಿಚಾರಿಸಿದರೆ ಒಂದು ಟೇಬಲ್‌ನವರು ಎಲ್‌ಪಿಸಿ (ಕೊನೆಯ ವೇತನ ಪ್ರಮಾಣಪತ್ರ) ತಡವಾಯ್ತು ಅಂದರು, ಇನ್ನೊಂದು ಟೇಬಲ್‌ನವರು ಡಿಡಿಒ (ಸಂಬಳ ಬಟವಾಡೆ ಅಧಿಕಾರಿ) ಕೋಡ್ ಬದಲಾಗಿರಲಿಲ್ಲ ಅಂದರು. ಕಚೇರಿಯ ಹೆಸರು ಬೇಡ, ಅಲ್ಲಿ ಕೂತವರೂ ನಮ್ಮ ಹಾಗೆ ಎನ್‌ಪಿಎಸ್‌ನವರೇ. ಕೊನೆಗೆ ಒಬ್ಬರು, 'ಮೇಡಂ, ದುಡ್ಡು ಬಂದಿದೆ ಅಲ್ವಾ, ಮತ್ತೇನು?' ಅಂದರು.

ಮತ್ತೇನು ಅಂದರೆ, ಲೆಕ್ಕ. 12 ಸಾವಿರ ಒಂದು ತಿಂಗಳು ತಡವಾದರೆ, ವರ್ಷಕ್ಕೆ ಶೇ 9ರ ಗಳಿಕೆ ಅಂತ ಇಟ್ಟುಕೊಂಡರೂ ಹೋಗೋದು 90 ರೂಪಾಯಿ. ಒಬ್ಬರಿಗೆ ಇದು ಏನೂ ಅಲ್ಲ. ಹೀಗೆ ತಡವಾದವರು ಒಂದು ಲಕ್ಷ ಮಂದಿ ಅಂದುಕೊಳ್ಳಿ, ಒಂದೇ ತಿಂಗಳಿಗೆ 90 ಲಕ್ಷ ಆಯಿತು. ಅದೂ ಒಂದು ಸಲದ ನಷ್ಟ ಅಲ್ಲ. ನಿವೃತ್ತಿಯವರೆಗೆ ಬೆಳೆಯಬೇಕಿದ್ದ ದುಡ್ಡು ಅದು. ಹಳೇ ಪಿಂಚಣಿಯವರಿಗೆ ಯಾವ ಗುಮಾಸ್ತರು ಎಷ್ಟು ತಡ ಮಾಡಿದರೂ ಪಿಂಚಣಿಯ ಮೊತ್ತ ಕಮ್ಮಿ ಆಗಲ್ಲ. ನಮಗೆ ಆಗುತ್ತದೆ. ಈ ವ್ಯತ್ಯಾಸವನ್ನು ಯಾರೂ ಬಾಯಿಬಿಟ್ಟು ಹೇಳಲ್ಲ. 2008ರಲ್ಲಿ ಸೇರಿದ ನನಗೆ ಕಡಿತ ಶುರುವಾದದ್ದೇ 2010ರಲ್ಲಿ. ಹಿಂದಿನ ತಿಂಗಳುಗಳದ್ದನ್ನು ಬ್ಯಾಕ್‌ಲಾಗ್ ಅಂತ ಆಮೇಲೆ ಕಟ್ಟಿಸಿಕೊಂಡರು. ಶುರುವಿನಿಂದಲೇ ತಾರೀಖಿಗೆ ಇಲ್ಲಿ ಬೆಲೆ ಇಲ್ಲ.

ಕೇಂದ್ರ ನೌಕರರ 2021ರ ಎನ್‌ಪಿಎಸ್ ನಿಯಮಗಳಲ್ಲಿ ಇದಕ್ಕೆ ಜಾಗ ಇದೆ. ಜಮೆ ಮಾಡೋದು ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು, ತಡಕ್ಕೆ ಯಾರು ಕಾರಣವೋ ಅವರ ಮೇಲೆ ಹೊಣೆ ಹೊರಿಸಬೇಕು. ನನ್ನ ಮೂರು ತಿಂಗಳಿಗೆ ಒಂದು ಪೈಸೆ ಬಡ್ಡಿಯೂ ಬರಲಿಲ್ಲ. ಜಮೆ ಆದಾಗ ಮೊಬೈಲಿಗೆ ಇಂಗ್ಲಿಷಿನಲ್ಲಿ ಮೆಸೇಜ್ ಬರುತ್ತದೆ, ನಿಜ. ಜಮೆ ಆಗದೇ ಇದ್ದಾಗ ಯಾವ ಮೆಸೇಜೂ ಬರಲ್ಲ.

ಇನ್ನು ಹೂಡಿಕೆಯ ವಿಷಯ. 'ನಮ್ಮ ಪಿಂಚಣಿಯನ್ನು ಷೇರುಪೇಟೆಯಲ್ಲಿ ಜೂಜಿಗೆ ಹಾಕಿದ್ದಾರೆ' ಅಂತ ಸಂಘದ ಸಭೆಗಳಲ್ಲಿ ಭಾಷಣ ಕೇಳಿದ್ದೇನೆ. ಚಪ್ಪಾಳೆ ಬೀಳುತ್ತದೆ, ಆದರೆ ಮಾತು ಪೂರ್ತಿ ಸರಿಯಲ್ಲ. ಸರ್ಕಾರಿ ನೌಕರರ ಸಾಮಾನ್ಯ ಯೋಜನೆಯಲ್ಲಿ ಬಹಳ ವರ್ಷ ಷೇರಿನ ಪಾಲು ಶೇ 15 ಮೀರುವ ಹಾಗಿರಲಿಲ್ಲ. 2020ರ ಮಾರ್ಚ್‌ನಲ್ಲಿ ಪೇಟೆ ಕುಸಿದಾಗ ಎಲ್ಲರೂ ಗಾಬರಿ. ನಾನು ಖಾತೆ ತೆಗೆದು ನೋಡಿದೆ. ಟೀವಿಯಲ್ಲಿ ಹೇಳುತ್ತಿದ್ದಷ್ಟು ಏನೂ ಇಳಿದಿರಲಿಲ್ಲ. ದೊಡ್ಡ ಪಾಲು ಇರೋದು ಸರ್ಕಾರಿ ಬಾಂಡುಗಳಲ್ಲಿ. ಆದ್ದರಿಂದ ನಮ್ಮ ಖಾತೆ ನಿಜವಾಗಿ ಆಮೆ ನಡಿಗೆ ಹಿಡಿದದ್ದು 2022ರಲ್ಲಿ. ಆ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು (ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ) ಶೇ 4ರಿಂದ 6.5ಕ್ಕೆ ಏರಿಸಿತು. ಬಡ್ಡಿ ಏರಿದರೆ ಹಳೇ ಬಾಂಡಿನ ಬೆಲೆ ಇಳಿಯುತ್ತದೆ. ಸ್ಟಾಫ್ ರೂಮಿನಲ್ಲಿ ಇದರ ಬಗ್ಗೆ ಒಂದು ಮಾತೂ ಇಲ್ಲ.

ಈ ಪಿಂಚಣಿ ನಿಧಿ ಕಂಪನಿಗಳು ಎಲ್ಲಿ ಎಷ್ಟು ಹಾಕಿವೆ ಅನ್ನೋ ಪಟ್ಟಿಯನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕುತ್ತವೆ. ಉದ್ದನೆಯ ಎಕ್ಸೆಲ್ ಹಾಳೆ, ಎಲ್ಲ ಇಂಗ್ಲಿಷು. ಒಂದು ಭಾನುವಾರ ಕೂತು ಓದಿದೆ. ಅದರಲ್ಲಿ ರಾಜ್ಯಗಳ ಸಾಲಪತ್ರಗಳ ಸಾಲುಗಳಿವೆ: ಮಹಾರಾಷ್ಟ್ರ, ತಮಿಳುನಾಡು, ಕರ್ನಾಟಕ. ಅಂದರೆ ಸರ್ಕಾರ ನಮ್ಮ ಸಂಬಳದಿಂದ ಕಟ್ ಮಾಡಿ ಕಳಿಸಿದ ದುಡ್ಡಿನಲ್ಲಿ ಒಂದಿಷ್ಟು ಮುಂಬೈಗೆ ಹೋಗಿ, ಸಾಲವಾಗಿ ಮತ್ತೆ ವಿಧಾನಸೌಧಕ್ಕೇ ಬರುತ್ತದೆ! ನನಗೆ ನಗು ಬಂತು. ಇದು ತಪ್ಪು ಅಂತ ಹೇಳುತ್ತಿಲ್ಲ, ಆ ಸಾಲಕ್ಕೆ ಬಡ್ಡಿ ಸರಿಯಾಗಿ ಬರುತ್ತದೆ. ಆದರೆ ಇದನ್ನು ಷೇರು ಜೂಜು ಅಂತ ಕರೆಯೋದು ಹೇಗೆ?

ತೊಂದರೆಯೇ ಇಲ್ಲ ಅಂತಲೂ ಅಲ್ಲ. 2018ರಲ್ಲಿ ಐಎಲ್ ಅಂಡ್ ಎಫ್‌ಎಸ್ ಅನ್ನೋ ಹಣಕಾಸು ಕಂಪನಿ ಸಾಲ ತೀರಿಸಲಾಗದೆ ಕೈ ಎತ್ತಿದಾಗ ಎನ್‌ಪಿಎಸ್ ನಿಧಿಗಳ ಹಣವೂ ಅದರಲ್ಲಿ ಸಿಕ್ಕಿಹಾಕಿಕೊಂಡಿತು. ಕೆಲವೇ ವಾರಗಳ ಹಿಂದಿನವರೆಗೆ ಅದಕ್ಕೆ ಎಎಎ, ಅಂದರೆ ಅತಿ ಭದ್ರ ಅನ್ನೋ, ರೇಟಿಂಗ್ ಇತ್ತು. ಆಗ ನಮಗೆ, ಅಂದರೆ ದುಡ್ಡಿನ ಒಡೆಯರಿಗೆ, ಯಾರಾದರೂ ಒಂದು ಸಾಲು ಬರೆದು ಹೇಳಿದರಾ? ನನಗಂತೂ ಬರಲಿಲ್ಲ. ನಿರ್ವಹಣಾ ಶುಲ್ಕ ಮಾತ್ರ ಬಹಳ ಕಮ್ಮಿ, ವರ್ಷಕ್ಕೆ ಸಾವಿರ ರೂಪಾಯಿಗೆ ಒಂದು ರೂಪಾಯಿಯೂ ಬೀಳಲ್ಲ. ಒಳ್ಳೆಯದನ್ನೂ ಹೇಳಬೇಕಲ್ಲ. ತಮಿಳುನಾಡಿನ ಹಾಗೆ ಆಗಲಿಲ್ಲ ಅನ್ನೋದೂ ನನಗೆ ಸಮಾಧಾನ. ಅಲ್ಲಿ 2003ರಿಂದ ಕಟ್ ಮಾಡಿದ ಹಣವನ್ನು ಈ ವ್ಯವಸ್ಥೆಗೆ ಕಳಿಸದೆ ರಾಜ್ಯದ ಲೆಕ್ಕದಲ್ಲೇ ಇಟ್ಟುಕೊಂಡರು. ಸರ್ಕಾರದ ಕೈಯಲ್ಲೇ ಇದ್ದರೆ ಭದ್ರ ಅನ್ನುವವರಿದ್ದಾರೆ. ನನಗೆ ಹಾಗನ್ನಿಸಲ್ಲ. ನನ್ನ ಹೆಸರಿನಲ್ಲಿ ಯೂನಿಟ್ ಇದ್ದರೆ ಕನಿಷ್ಠ ಎಣಿಸಿ ನೋಡಬಹುದು.

ನಿವೃತ್ತಿ ದಿನ ಆ ಯೂನಿಟ್ಟುಗಳಲ್ಲಿ ಶೇ 60 ಕೈಗೆ. ಉಳಿದ ಶೇ 40ರಲ್ಲಿ ವಿಮಾ ಕಂಪನಿಯಿಂದ ವರ್ಷಾಶನ, ಅಂದರೆ ತಿಂಗಳು ತಿಂಗಳು ಬರುವ ಪಿಂಚಣಿ, ಕೊಳ್ಳಬೇಕು. ತುಟ್ಟಿಭತ್ಯೆ ಇಲ್ಲ. ಮೊದಲ ತಿಂಗಳು ಬಂದದ್ದೇ 20 ವರ್ಷ ಆದ ಮೇಲೂ. ನಮ್ಮ ನಿಜವಾದ ಭಯ ಇರೋದು ಇಲ್ಲಿ. ಈ ಕೊರತೆಯನ್ನು ಹೂಡಿಕೆ ಎಷ್ಟು ಚೆನ್ನಾಗಿ ಮಾಡಿದರೂ ಪೂರ್ತಿ ತುಂಬಲಾಗದು. ಹಾಗಾಗಿಯೇ ಮುಷ್ಕರಕ್ಕೆ ಹೋಗಿದ್ದು. ಆದರೆ ಅದು ಬಗೆಹರಿಯುವವರೆಗೆ ಇರೋ ದುಡ್ಡನ್ನಾದರೂ ನೆಟ್ಟಗೆ ನೋಡಿಕೊಳ್ಳಬೇಕು, ಅಲ್ವಾ?

ಕೇಂದ್ರ ನೌಕರರಿಗೆ 2019ರ ಏಪ್ರಿಲ್‌ನಿಂದ ಯಾವ ನಿಧಿ ಕಂಪನಿ ಬೇಕು, ಯಾವ ಬಗೆಯ ಹೂಡಿಕೆ ಬೇಕು ಅಂತ ಆರಿಸಿಕೊಳ್ಳುವ ಅವಕಾಶ ಇದೆ. ನಿನಗೆ ಯಾವುದು ಬೇಕು ಅಂತ ಇಲ್ಲಿಯವರೆಗೆ ನನ್ನನ್ನು ಯಾರೂ ಕೇಳಿಲ್ಲ. ಹಾಗೇ ಕೇಳಿದರೂ ಎಷ್ಟು ಜನ ತಿಳಿದು ಆರಿಸುತ್ತಾರೆ ಅನ್ನೋದು ಬೇರೆ ಮಾತು. ಚುನಾವಣಾ ಕೆಲಸಕ್ಕೆ, ಗಣತಿಗೆ ನಮಗೆ ದಿನಗಟ್ಟಲೆ ತರಬೇತಿ ಕೊಡುತ್ತಾರೆ. ನಮ್ಮದೇ ದುಡ್ಡಿನ ಬಗ್ಗೆ ಒಂದು ಮಧ್ಯಾಹ್ನದ ತರಬೇತಿ ಆದ ನೆನಪು ನನಗಿಲ್ಲ.

ಕೆಜಿಐಡಿಯನ್ನು (ಸರ್ಕಾರಿ ನೌಕರರ ವಿಮಾ ಇಲಾಖೆ) ಮೈಸೂರು ಸರ್ಕಾರದ ಕಾಲದಿಂದ, 1891ರಿಂದ, ನಡೆಸಿಕೊಂಡು ಬಂದ ರಾಜ್ಯ ನಮ್ಮದು. ನೌಕರರ ದುಡ್ಡಿನ ಲೆಕ್ಕ ಇಡೋದು ಇಲ್ಲಿ ಹೊಸ ವಿದ್ಯೆ ಅಲ್ಲ. ಎಚ್‌ಆರ್‌ಎಂಎಸ್ ಇದೆ, ಖಜಾನೆಯ ತಂತ್ರಾಂಶ ಖಜಾನೆ-2 ಇದೆ, ಎಲ್ಲ ಕಂಪ್ಯೂಟರಿನಲ್ಲೇ ಇದೆ. ಆರ್ಥಿಕ ಇಲಾಖೆಯವರಲ್ಲಿ ನಾನು ಕೇಳೋದು ಇಷ್ಟೇ. ಸಂಬಳ ಚೀಟಿಯಲ್ಲಿ ಎನ್‌ಪಿಎಸ್ ಕಡಿತದ ಪಕ್ಕದಲ್ಲಿ, ಹಿಂದಿನ ತಿಂಗಳ ಕಂತು ಪ್ರಾನ್ ಖಾತೆಗೆ ಜಮೆ ಆದ ತಾರೀಖನ್ನು ಕನ್ನಡದಲ್ಲಿ ಹಾಕಿ. ಜಮೆ ಆಗಿಲ್ಲದಿದ್ದರೆ ಆಗಿಲ್ಲ ಅಂತ ಹಾಕಿ. ನೌಕರರ ತಪ್ಪಿಲ್ಲದೆ ತಡವಾದ ತಿಂಗಳುಗಳಿಗೆ ಬಡ್ಡಿ ಕೊಡಿ, ಹಳೆಯದಕ್ಕೂ ಸೇರಿಸಿ.

ಸೇವಾ ನಡತೆ ನಿಯಮಗಳ ಭಯ ಇರೋದರಿಂದ ಹೆಸರು ಪ್ರಕಟಿಸಬೇಡಿ.

— ಒಬ್ಬ ಗಣಿತ ಶಿಕ್ಷಕಿ, ಹಾವೇರಿ ಜಿಲ್ಲೆ